ಮೇಕೆಯನ್ನು ಮನುಷ್ಯ ಅನ್ನುವ ಕ್ಯಾಮೆರಾ



ಇದು ವಿಜ್ಞಾನ ಯುಗ ಅಂತ ಪ್ರಬಂಧದಲ್ಲಿ ನಾವೆಲ್ಲ ಬರೀತೀವಿ. ಈ ಸಲ ನಾನು ಆ ಯುಗದ ಒಂದೇ ಒಂದು ಯಂತ್ರದ ಬಗ್ಗೆ ಬರೆಯುತ್ತೇನೆ. ಅದು ಮನೆ ಕಾಯುವ ಕ್ಯಾಮೆರಾ. ಈಗ ನಮ್ಮ ಕ್ಯಾಸಂಬಳ್ಳಿಯಲ್ಲೂ ಅಂಗಡಿಗಳ ಮುಂದೆ, ಕೆಲವು ಮನೆಗಳ ಮುಂದೆ ಇದನ್ನು ಹಾಕಿಸಿದ್ದಾರೆ. ನಮ್ಮ ತರಗತಿಯಲ್ಲಿ ಕೇಳಿದೆ, ಐದು ಜನರ ಮನೆಯಲ್ಲಿ ಇದೆಯಂತೆ. ಐದೂ ಜನ ಹೇಳಿದ್ದು ಒಂದೇ ದೂರು. ಯಾರೂ ಬರದೇ ಇದ್ದಾಗ "ಬಂದರು" ಅನ್ನುತ್ತೆ, ನಿಜವಾಗಿ ಬಂದಾಗ ಸುಮ್ಮನಿರುತ್ತೆ. ಬೇರೆ ತಗೊಳ್ಳೋಣ ಅಂತ ಮನೆಗಳಲ್ಲಿ ಮಾತಾಡ್ತಾ ಇದ್ದಾರಂತೆ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಇದನ್ನು ಓದಿ. ಅದು ಯಾಕೆ ಹಾಗೆ ಮಾಡುತ್ತೆ ಅಂತ ತಿಳಿದರೆ ಬಹಳಷ್ಟು ನಾವೇ ಸರಿ ಮಾಡಬಹುದು.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಅಪ್ಪ ಕತ್ತಲಲ್ಲೇ ಎದ್ದು ಬಂಗಾರಪೇಟೆಗೆ ಹೋಗಿ, ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಟೊಮೆಟೊ ತೋಟಕ್ಕೆ. ನಾನು, ತಮ್ಮ ಶಾಲೆಗೆ. ಹಗಲೆಲ್ಲ ಮನೆಯಲ್ಲಿ ಅಜ್ಜಿ ಒಬ್ಬರೇ. ಜೊತೆಗೆ ಒಂದು ಸೀಮೆಹಸು, ಅದರ ಕರು, ಮೂರು ಮೇಕೆ. ಅದಕ್ಕೇ ಅಪ್ಪ ಅಂಗಳದ ಕಡೆ ಮುಖ ಮಾಡಿ ಒಂದು ಕ್ಯಾಮೆರಾ ಹಾಕಿಸಿದರು. ಅಂಗಳಕ್ಕೆ ಯಾರಾದರೂ ಕಾಲಿಟ್ಟರೆ ಅಪ್ಪನ ಫೋನಿಗೂ ಮನೆಯಲ್ಲಿರುವ ಫೋನಿಗೂ 'ಪರ್ಸನ್ ಡಿಟೆಕ್ಟೆಡ್' ಅಂತ ಬರುತ್ತೆ. ಅಂದರೆ ಮನುಷ್ಯ ಕಂಡ ಅಂತ ಅರ್ಥ. ಮೊದಲನೇ ದಿನ ಫೋನು ಅದನ್ನು ಗಟ್ಟಿಯಾಗಿ ಕೂಗಿದಾಗ ಅಜ್ಜಿ "ಯಾರ ಪರ್ಸು ಸಿಕ್ತು ಕಂದಾ?" ಅಂತ ಕೇಳಿದರು. ಆಮೇಲೆ ದಿನಾ ಅದೇ ತಮಾಷೆ ಆಯಿತು. ಆದರೆ ಒಂದೇ ರಾತ್ರಿ 14 ಸಲ ಪರ್ಸು ಸಿಕ್ಕಿದಾಗ ಯಾರಿಗೂ ನಗು ಬರಲಿಲ್ಲ.

ಕ್ಯಾಮೆರಾ ಏನು ನೋಡುತ್ತೆ? ಮಕ್ಕಳ ಪತ್ರಿಕೆಯಲ್ಲಿ 'ಎರಡು ಚಿತ್ರಗಳ ನಡುವೆ ಇರುವ ಆರು ವ್ಯತ್ಯಾಸ ಗುರುತಿಸಿ' ಅಂತ ಬರುತ್ತಲ್ಲ, ಅದೇ ಆಟವನ್ನು ಕ್ಯಾಮೆರಾ ಒಂದು ಸೆಕೆಂಡಿನಲ್ಲಿ ಹಲವು ಸಲ ಆಡುತ್ತೆ. ಚಿತ್ರ ಅಂದರೆ ಅದಕ್ಕೆ ಲಕ್ಷಗಟ್ಟಲೆ ಚುಕ್ಕಿಗಳು. ಈಗಿನ ಚಿತ್ರದ ಚುಕ್ಕಿಗಳನ್ನು ಸ್ವಲ್ಪ ಮುಂಚಿನ ಚಿತ್ರದ ಚುಕ್ಕಿಗಳ ಜೊತೆ ಹೋಲಿಸುತ್ತೆ. ತುಂಬಾ ಚುಕ್ಕಿ ಬದಲಾಗಿದ್ದರೆ 'ಏನೋ ಅಲ್ಲಾಡಿತು' ಅಂತ ತಿಳಿಯುತ್ತೆ. ಇಲ್ಲಿವರೆಗೆ ಅದಕ್ಕೆ ಮನುಷ್ಯ, ಮೇಕೆ, ಬಾಳೆ ಎಲೆ ಎಲ್ಲಾ ಒಂದೇ. ಹಳೇ ಕ್ಯಾಮೆರಾಗಳು ಇಷ್ಟಕ್ಕೇ ಕೂಗಿಬಿಡುತ್ತಿದ್ದವು.

ಈಗಿನವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ. ಅಲ್ಲಾಡಿದ ವಸ್ತುವಿನ ಆಕಾರ ನೋಡಿ ಅದಕ್ಕೆ ಅಂಕ ಕೊಡುತ್ತವೆ. ತಲೆ, ಭುಜ, ಎರಡು ಕಾಲು ಇದ್ದ ಹಾಗೆ ಕಂಡರೆ ನೂರಕ್ಕೆ ಎಂಬತ್ತು, ತೊಂಬತ್ತು. ಅರ್ಧಂಬರ್ಧ ಕಂಡರೆ ನಲವತ್ತು. ಇಷ್ಟು ಅಂಕ ಬಂದರೆ ಮನುಷ್ಯ, ಕಡಿಮೆ ಬಂದರೆ ಅಲ್ಲ ಅಂತ ಒಂದು ಪಾಸ್ ಮಾರ್ಕು ಇರುತ್ತೆ. ಫೋನಿನ ಆಪ್‌ನಲ್ಲಿ 'ಸೆನ್ಸಿಟಿವಿಟಿ' ಅಂತ ಇರುವುದು ಹೆಚ್ಚು ಕಡಿಮೆ ಇದೇ. ಸೆನ್ಸಿಟಿವಿಟಿ ಜಾಸ್ತಿ ಮಾಡಿದರೆ ಪಾಸ್ ಮಾರ್ಕು ಇಳಿಯುತ್ತೆ, ಆಗ ಮೇಕೆಯೂ ಪಾಸು. ಕಡಿಮೆ ಮಾಡಿದರೆ ಪಾಸ್ ಮಾರ್ಕು ಏರುತ್ತೆ, ಆಗ ಅಜ್ಜಿಯೂ ಫೇಲು. ಎರಡೂ ಸರಿಹೋಗುವ ಒಂದು ಜಾಗ ಆ ಗೀಟಿನ ಮೇಲೆ ಎಲ್ಲಾದರೂ ಇದೆ ಅಂತ ಅಪ್ಪ ಮೂರು ದಿನ ಬೆರಳಲ್ಲಿ ಎಳೆದಾಡಿದರು. ಅಂಥ ಜಾಗ ಸಿಗಲಿಲ್ಲ. ಪಾಸ್ ಮಾರ್ಕು ಮಾತ್ರ ಬದಲಾಯಿಸಿದರೆ ಆಗಲ್ಲ, ಪ್ರಶ್ನೆಪತ್ರಿಕೆಯನ್ನೂ ಸುಲಭ ಮಾಡಬೇಕು. ಅಂದರೆ ಕ್ಯಾಮೆರಾಗೆ ಚಿತ್ರ ಚೆನ್ನಾಗಿ ಕಾಣೋ ಹಾಗೆ ಮಾಡಬೇಕು.

ಆಕಾರ ಗುರುತಿಸುವುದನ್ನು ಅದಕ್ಕೆ ಯಾರು ಕಲಿಸಿದರು ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹುಡುಕಿ ಹೇಳಿದ್ದು ಇದು. 2005ರಲ್ಲಿ ಫ್ರಾನ್ಸ್ ದೇಶದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನವನೀತ್ ದಲಾಲ್ ಮತ್ತು ಬಿಲ್ ಟ್ರಿಗ್ಸ್ ಎಂಬ ಇಬ್ಬರು ಚಿತ್ರದಲ್ಲಿ ಮನುಷ್ಯನನ್ನು ಹುಡುಕುವ ಒಂದು ಒಳ್ಳೆಯ ವಿಧಾನ ಪ್ರಕಟಿಸಿದರು. ಚಿತ್ರವನ್ನು ಚಿಕ್ಕ ಚಿಕ್ಕ ಚೌಕ ಮಾಡಿ, ಒಂದೊಂದರಲ್ಲೂ ಅಂಚಿನ ಗೆರೆ ಯಾವ ಕಡೆ ವಾಲಿದೆ ಅಂತ ಲೆಕ್ಕ ಹಾಕುವುದು. ಅವರು ಹುಡುಕುತ್ತಿದ್ದ ಚೌಕಟ್ಟು 64 ಚುಕ್ಕಿ ಅಗಲ, 128 ಚುಕ್ಕಿ ಎತ್ತರ. ಅಗಲಕ್ಕಿಂತ ಎತ್ತರ ಎರಡರಷ್ಟು. ಯಾಕೆ ಗೊತ್ತಾ? ಅವರ ಚಿತ್ರಗಳಲ್ಲಿದ್ದ ಜನ ಸಾಮಾನ್ಯವಾಗಿ ನಿಂತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗಿನ ಕ್ಯಾಮೆರಾಗಳು ಬೇರೆ ರೀತಿ ಕಲಿಯುತ್ತವೆ. ಲಕ್ಷಾಂತರ ಫೋಟೋ ತೋರಿಸಿ, ಇದು ಮನುಷ್ಯ, ಇದು ನಾಯಿ ಅಂತ ಹೇಳಿಕೊಡುತ್ತಾರೆ. ಒಂದನೇ ತರಗತಿಯಲ್ಲಿ ಚಿತ್ರಪಟ ತೋರಿಸಿ ಹೇಳಿಕೊಟ್ಟ ಹಾಗೆ. 2014ರಲ್ಲಿ ಬಂದ 'ಕೋಕೋ' ಅನ್ನುವ ಪ್ರಸಿದ್ಧ ಫೋಟೋ ಸಂಗ್ರಹದಲ್ಲಿ 80 ಬಗೆಯ ವಸ್ತುಗಳಿಗೆ ಹೆಸರು ಬರೆದು ಗುರುತು ಹಾಕಿದ್ದಾರೆ. ಮನುಷ್ಯ, ಹಸು, ಕುರಿ, ಆನೆ ಇವೆ. ಕರಡಿ, ಜೀಬ್ರಾ, ಜಿರಾಫೆ ಕೂಡ ಇವೆ. ಆದರೆ ಮೇಕೆ ಇಲ್ಲ! ಕೋತಿಯೂ ಇಲ್ಲ! ನಮ್ಮ ಕ್ಯಾಮೆರಾ ಯಾವ ಸಂಗ್ರಹದಿಂದ ಕಲಿಯಿತೋ ಅದನ್ನು ಮಾಡಿದವರು ಡಬ್ಬಿಯ ಮೇಲೆ ಬರೆದಿಲ್ಲ. ಆದರೂ ಪಾಠದಲ್ಲಿ ಇಲ್ಲದ್ದು ಪರೀಕ್ಷೆಗೆ ಬಂದರೆ ನಾವು ಏನು ಮಾಡುತ್ತೇವೋ ಅದೂ ಅದನ್ನೇ ಮಾಡುತ್ತೆ. ಗೊತ್ತಿರುವುದರಲ್ಲಿ ಹತ್ತಿರ ಇರುವುದನ್ನು ಬರೆಯುತ್ತೆ.

ನಾನೂ ತಮ್ಮನೂ ಹಳೇ ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆದಿಟ್ಟೆವು. ಎಷ್ಟು ಗಂಟೆಗೆ ಕೂಗಿತು, ಚಿತ್ರ ತೆಗೆದು ನೋಡಿದಾಗ ನಿಜವಾಗಿ ಏನಿತ್ತು ಅಂತ ಎರಡು ಕಾಲಂ. ಸಂಜೆ ಐದೂವರೆಗೆ ದಿನಾ ಒಬ್ಬ 'ಮನುಷ್ಯ' ಬರುತ್ತಿದ್ದ. ಅವನು ನಮ್ಮ ಕರೀ ಮೇಕೆ! ಅಮ್ಮ ತೋಟದಿಂದ ಬಂದ ತಕ್ಷಣ ಹಲಸಿನ ಸೊಪ್ಪನ್ನು ಕಂಬಕ್ಕೆ ಕಟ್ಟುತ್ತಾರೆ. ಮೇಕೆ ಮುಂದಿನ ಕಾಲು ಎರಡನ್ನೂ ಕಂಬಕ್ಕೆ ಊರಿ, ಹಿಂದಿನ ಕಾಲ ಮೇಲೆ ನೆಟ್ಟಗೆ ನಿಂತು ತಿನ್ನುತ್ತೆ. ಹಿಂದಿನಿಂದ ನೋಡಿದರೆ ಚಡ್ಡಿ ಹಾಕಿದ ಹುಡುಗ ನಿಂತ ಹಾಗೇ ಇದೆ. ಸೊಪ್ಪನ್ನು ಎರಡು ಅಡಿ ಕೆಳಗೆ ಕಟ್ಟಿದೆವು. ಮೇಕೆ ನಾಲ್ಕು ಕಾಲಲ್ಲಿ ನಿಂತು ತಿಂದಿತು, ಆ ಮನುಷ್ಯ ಮತ್ತೆ ಬರಲಿಲ್ಲ.

ಮಧ್ಯಾಹ್ನದ 'ಮನುಷ್ಯ' ಅಪ್ಪನ ಅಂಗಿ. ಒಗೆದು ತಂತಿ ಮೇಲೆ ಹಾಕಿದ ಅಂಗಿಗೆ ಭುಜ ಇದೆ, ಕೈ ಇದೆ, ಗಾಳಿ ಬಂದರೆ ನಡೆದ ಹಾಗೆ ಆಗುತ್ತೆ. ತಂತಿಯನ್ನು ಹಿತ್ತಲಿಗೆ ಕಟ್ಟಿದೆವು. ಮತ್ತೊಂದು, ರಸ್ತೆ ಆಚೆ ಕಟ್ಟುತ್ತಿರುವ ಮನೆಗೆ ದೃಷ್ಟಿ ಬೊಂಬೆ ಕಟ್ಟಿದ್ದಾರೆ. ಹಳೇ ಪ್ಯಾಂಟು ಶರಟಿಗೆ ಹುಲ್ಲು ತುಂಬಿ, ಮಡಕೆ ತಲೆ ಇಟ್ಟಿದ್ದು. ಅದಕ್ಕೆ ಕ್ಯಾಮೆರಾ ಮೋಸ ಹೋದರೆ ತಪ್ಪೇನಿಲ್ಲ, ಮನುಷ್ಯನ ಹಾಗೆ ಕಾಣಲಿ ಅಂತಲೇ ತಾನೆ ಅದನ್ನು ಮಾಡಿರುವುದು! ಅದರ ಪಕ್ಕದಲ್ಲೇ ಒಂದು ದೊಡ್ಡ ಫ್ಲೆಕ್ಸು, ಅದರಲ್ಲಿ ಕೈ ಮುಗಿದು ನಿಂತ ಎಂಟು ಜನ ಮುಖಂಡರು. ಗಾಳಿಗೆ ಫ್ಲೆಕ್ಸು ಅಲ್ಲಾಡಿದಾಗ ಎಂಟೂ ಜನ ನಮ್ಮ ಮನೆಗೆ ಬಂದ ಹಾಗೆ ಕೂಗುತ್ತಿತ್ತು. ಬೊಂಬೆಯನ್ನೂ ಫ್ಲೆಕ್ಸನ್ನೂ ನಾವು ತೆಗೆಯೋ ಹಾಗಿಲ್ಲ. ಅದಕ್ಕೆ ಆಪ್‌ನಲ್ಲಿ ಒಂದು ಉಪಾಯ ಇದೆ. ಚಿತ್ರದ ಮೇಲೆ ಬೆರಳಲ್ಲಿ ಗಡಿ ಎಳೆದು, ಇದರ ಒಳಗೆ ಮಾತ್ರ ನೋಡು ಅಂತ ಹೇಳಬಹುದು. ಅದಕ್ಕೆ 'ಝೋನ್' ಅನ್ನುತ್ತಾರೆ. ನಾವು ನಮ್ಮ ಕಾಂಪೌಂಡಿನ ಒಳಗೆ ಗಡಿ ಎಳೆದೆವು. ಪಕ್ಕದ ಮನೆ ಅತ್ತೆಯ ಬಾಗಿಲು, ಬಚ್ಚಲು ಚಿತ್ರದಲ್ಲಿ ಬರುತ್ತಿತ್ತು, ಆ ಭಾಗವನ್ನು ಪೂರ್ತಿ ಕಪ್ಪು ಮಾಡಿದೆವು. ಇದನ್ನು ಎಲ್ಲರೂ ಮಾಡಬೇಕು. ಮಾಡದೇ ಇದ್ದರೆ ಜಗಳ ಆಗುತ್ತೆ, ಆಗಲೂ ಬೇಕು.

ರಾತ್ರಿಯ 14 ಕೂಗಿನ ಕಾರಣ ಜೇಡ. ಕತ್ತಲಾದ ಮೇಲೆ ಕ್ಯಾಮೆರಾ ತನ್ನ ಸುತ್ತ ಇರುವ ಪುಟ್ಟ ದೀಪಗಳಿಂದ ಅವಕೆಂಪು ಬೆಳಕು ಬಿಡುತ್ತೆ. ಅದು ನಮ್ಮ ಕಣ್ಣಿಗೆ ಕಾಣಲ್ಲ, ಕೆಲವದರಲ್ಲಿ ಮಂಕಾದ ಕೆಂಪು ಚುಕ್ಕಿ ಮಾತ್ರ ಕಾಣುತ್ತೆ. ನೀವೇ ಪ್ರಯೋಗ ಮಾಡಿ ನೋಡಿ. ಟಿವಿ ರಿಮೋಟನ್ನು ಮೊಬೈಲಿನ ಮುಂದಿನ ಕ್ಯಾಮೆರಾ ಎದುರು ಹಿಡಿದು ಒತ್ತಿದರೆ, ಬರಿಗಣ್ಣಿಗೆ ಕಾಣದ ಬೆಳಕು ಬಹಳ ಮೊಬೈಲುಗಳಲ್ಲಿ ಮಿಣಮಿಣ ಅಂತ ಕಾಣುತ್ತೆ. ಹುಳುಗಳು ಆ ದೀಪದ ಹತ್ತಿರ ಹಾರಾಡುತ್ತವೆ, ಹುಳ ತಿನ್ನಲು ಜೇಡ ಅಲ್ಲೇ ಬಲೆ ಕಟ್ಟುತ್ತೆ. ಗಾಜಿಗೆ ಅಷ್ಟು ಹತ್ತಿರ ಇದ್ದರೆ ಒಂದು ಎಳೆ ಬಲೆಯೂ ಹಗ್ಗದಷ್ಟು ದಪ್ಪ, ಬೆಳ್ಳಗೆ ಹೊಳೆಯುತ್ತೆ. ಒಂದು ಚಿಟ್ಟೆ ಹಾದುಹೋದರೆ ಬಿಳಿ ಸೀರೆ ಉಟ್ಟವರು ಹೋದ ಹಾಗೆ. ನಮ್ಮ ಬೀದಿಯಲ್ಲಿ ದೆವ್ವ ಇದೆ ಅಂತ ಒಂದು ವಿಡಿಯೋ ಓಡಾಡಿತ್ತಲ್ಲ, ಅದೂ ಇದೇ ಇರಬೇಕು ಅಂತ ನನ್ನ ಅಭಿಪ್ರಾಯ. ಭಾನುವಾರಕ್ಕೊಂದು ಸಲ ಕೋಲಿಗೆ ಮೆತ್ತನೆ ಬಟ್ಟೆ ಸುತ್ತಿ ಬಲೆ ತೆಗೆಯಬೇಕು, ಗಾಜಿನ ಧೂಳು ಒರೆಸಬೇಕು. ಅಂಗಳದ ಬಲ್ಬು ಕ್ಯಾಮೆರಾ ಪಕ್ಕದಲ್ಲೇ ಇದ್ದರೆ ಅದನ್ನು ದೂರ ಹಾಕಿ, ಹುಳುಗಳು ಅಲ್ಲಿಗೆ ಹೋಗುತ್ತವೆ.

ಕೆಲವು ಕ್ಯಾಮೆರಾಗಳಲ್ಲಿ, ಅದರಲ್ಲೂ ಬ್ಯಾಟರಿಯಿಂದ ಓಡುವವುಗಳಲ್ಲಿ, ಇನ್ನೊಂದು ಕಣ್ಣು ಇರುತ್ತೆ. ಅದು ಬಿಸಿ ನೋಡುವ ಕಣ್ಣು. ಬಿಸಿಯನ್ನು ಹೊತ್ತು ತರುವ ಈ ಕಾಣದ ಕಿರಣಗಳನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದರು. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದವರೂ ಅವರೇ. ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪು ಬಣ್ಣದ ಆಚೆ ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟರೆ ಅಲ್ಲಿ ಪಾದರಸ ಇನ್ನೂ ಮೇಲೆ ಏರಿತು. ಬಿಸಿ ಕಣ್ಣಿನ ಒಳಗೆ ಎರಡು ಪುಟ್ಟ ಭಾಗಗಳಿವೆ. ನಾವು ಅಡ್ಡಡ್ಡ ನಡೆದರೆ ನಮ್ಮ ಮೈಬಿಸಿ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಬೀಳುತ್ತೆ. ಆ ವ್ಯತ್ಯಾಸದಿಂದ ಅದು ಎಚ್ಚರ ಆಗುತ್ತೆ. ನೇರವಾಗಿ ಅದರ ಕಡೆಗೇ ನಡೆದು ಬಂದರೆ ವ್ಯತ್ಯಾಸ ಕಡಿಮೆ, ತಡವಾಗಿ ಗೊತ್ತಾಗುತ್ತೆ. ಬೇಸಿಗೆಯ ಮಧ್ಯಾಹ್ನ ನೆಲ, ಗೋಡೆ ಎಲ್ಲ ನಮ್ಮ ಮೈಯಷ್ಟೇ ಕಾದಾಗ ಇನ್ನೂ ಕಷ್ಟ. ಕಿಟಕಿಯ ಗಾಜಿನ ಒಳಗಿಂದ ಇಟ್ಟರೆ ಅದು ಕೆಲಸ ಮಾಡಲ್ಲ, ಮೈಯಿಂದ ಬರುವ ಬಿಸಿ ಕಿರಣ ಗಾಜನ್ನು ದಾಟುವುದಿಲ್ಲ. ಇಂಥ ಕ್ಯಾಮೆರಾ ಇರುವವರು ಜನ ಅಡ್ಡ ಹಾಯುವ ಹಾಗೆ ಪಕ್ಕದ ಗೋಡೆಗೆ ಹಾಕಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಕೆ, ಅಂಗಿ, ಜೇಡ ಇವನ್ನೆಲ್ಲ ನಾವು ಬರೆದಿಟ್ಟದ್ದು ಸುಮ್ಮನೆ ಅಲ್ಲ. ಅದಕ್ಕೂ ಮೊದಲು ಒಂದು ಘಟನೆ ನಡೆಯಿತು. ಸುಳ್ಳು ಕೂಗು ಕೇಳಿ ಕೇಳಿ ಸಾಕಾಗಿ, ಕೆಲಸದ ಜಾಗದಲ್ಲೂ ಬೈಸಿಕೊಂಡು, ಅಪ್ಪ ಕೂಗುವುದನ್ನೇ ಆಫ್ ಮಾಡಿಬಿಟ್ಟಿದ್ದರು. 'ಹುಲಿ ಬಂತು ಹುಲಿ' ಕತೆ ನಮಗೆಲ್ಲ ಗೊತ್ತು. ಒಂದು ಗುರುವಾರ ಮಧ್ಯಾಹ್ನ ಅಜ್ಜಿ ಹಸುವಿಗೆ ನೀರು ಇಡಲು ಹೋಗಿ ಕಲ್ಲುಬಾನಿ ಹತ್ತಿರ ಪಾಚಿಯಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಎದ್ದೇಳಲು ಆಗಲಿಲ್ಲ. ಪಕ್ಕದ ಮನೆ ಅತ್ತೆ ಡೇರಿಗೆ ಹಾಲು ಹಾಕಲು ಹೊರಟಾಗ ನೋಡಿ ಎತ್ತುವವರೆಗೂ ಒಂದು ಗಂಟೆಯ ಮೇಲೆ ಬಿಸಿಲಲ್ಲೇ ಬಿದ್ದಿದ್ದರು. ಹಸು ಅವರ ತಲೆ ನೆಕ್ಕುತ್ತಾ ನಿಂತಿತ್ತಂತೆ.

ರಾತ್ರಿ ಅಪ್ಪ ಕ್ಯಾಮೆರಾದಲ್ಲಿ ಉಳಿದಿದ್ದ ಚಿತ್ರ ತೆಗೆದು ನೋಡಿದರು. ಎಲ್ಲ ಇತ್ತು. ಅಜ್ಜಿ ಬಿದ್ದದ್ದು, ಕೈ ಎತ್ತಿ ಕರೆದದ್ದು ಎಲ್ಲ. ಆದರೆ ಪಟ್ಟಿಯಲ್ಲಿ ಆ ಹೊತ್ತಿಗೆ 'ಚಲನೆ' ಅಂತ ಒಂದು ಸಾಲು ಇತ್ತೇ ಹೊರತು 'ಪರ್ಸನ್' ಅಂತ ಇರಲಿಲ್ಲ. ಅಂದರೆ ಅಪ್ಪ ಕೂಗು ಆಫ್ ಮಾಡದೇ ಇದ್ದಿದ್ದರೂ ಅದು ಕೂಗುತ್ತಿರಲಿಲ್ಲ! ನಿಂತ ಮೇಕೆ ಮನುಷ್ಯ, ಬಿದ್ದ ಅಜ್ಜಿ ಮನುಷ್ಯ ಅಲ್ಲ. ಅಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮಾರನೇ ಭಾನುವಾರ ನಾವು ಪರೀಕ್ಷೆ ಮಾಡಿದೆವು. ಅಪ್ಪ ಫೋನು ಹಿಡಿದು ಕೂತರು, ತಮ್ಮ ಬರೆದುಕೊಂಡ. ನಾನು ಕಲ್ಲುಬಾನಿ ಹತ್ತಿರ ನೆಟ್ಟಗೆ ನಡೆದೆ, ಕೂಗಿತು. ಬಗ್ಗಿ ಕಸ ಗುಡಿಸಿದೆ, ಮೂರಕ್ಕೆ ಎರಡು ಸಲ ಕೂಗಿತು. ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕಿದೆ, ಒಂದು ಸಲ ಮಾತ್ರ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಡೆದೆ, ಇಲ್ಲ. ಅಮ್ಮ ಹುಲ್ಲಿನ ಹೊರೆ ತಲೆ ಮೇಲೆ ಹೊತ್ತು ಬಂದರು, ಅದೂ ಇಲ್ಲ. ಹೊರೆ ಮುಖ, ಭುಜ ಎಲ್ಲ ಮುಚ್ಚಿಬಿಡುತ್ತಲ್ಲ. ಕೊನೆಗೆ ಅಜ್ಜಿ ಬಿದ್ದಿದ್ದ ಹಾಗೇ ಮಲಗಿದೆ. ಮೂರು ಸಲವೂ ಸುಮ್ಮನಿತ್ತು. ಆಗಲೇ ನನಗೆ ಆ 64 ಮತ್ತು 128ರ ಲೆಕ್ಕ ನೆನಪಾಯಿತು. ಕಲಿಯುವಾಗ ನಿಂತವರನ್ನೇ ಹೆಚ್ಚು ನೋಡಿದ್ದರೆ, ಮಲಗಿದವರು ಅದಕ್ಕೆ ಬಟ್ಟೆಯ ಗಂಟು.

ಕ್ಯಾಮೆರಾ ಕೂತಿದ್ದ ಜಾಗವೂ ಸರಿ ಇರಲಿಲ್ಲ. ಹಾಕಿದವರು ಯಾರ ಕೈಗೂ ಸಿಗಬಾರದು ಅಂತ ತಾರಸಿಯ ಅಂಚಿಗೆ, ಸುಮಾರು 14 ಅಡಿ ಮೇಲೆ ಹಾಕಿದ್ದರು. ಅಷ್ಟು ಮೇಲಿನಿಂದ ನೋಡಿದರೆ ಹತ್ತಿರ ನಿಂತವರ ನೆತ್ತಿ ಮಾತ್ರ ಕಾಣುತ್ತೆ, ಕಾಲು ಕಾಣಲ್ಲ. ನೀವು ಮರ ಹತ್ತಿ ಕೆಳಗಿರುವ ಗೆಳೆಯನನ್ನು ನೋಡಿ, ಒಂದು ತಲೆ, ಎರಡು ಚಪ್ಪಲಿ ಅಷ್ಟೇ. ಈಗ 8 ಅಡಿಗೆ ಇಳಿಸಿ ಸ್ವಲ್ಪ ಮಾತ್ರ ಕೆಳಗೆ ಬಗ್ಗಿಸಿದ್ದೇವೆ. ದೂರವೂ ಮುಖ್ಯ. ಕ್ಯಾಮೆರಾ ಆಕಾರ ಗುರುತಿಸುವ ಮುಂಚೆ ಚಿತ್ರವನ್ನು ಚಿಕ್ಕದು ಮಾಡಿಕೊಳ್ಳುತ್ತೆ, ಗೇಟಿನ ಆಚೆ ಇರುವವರು ಇರುವೆಯಷ್ಟು ಆಗಿಬಿಡುತ್ತಾರೆ. ಇನ್ನು ಅದು ಪಶ್ಚಿಮಕ್ಕೆ ಮುಖ ಮಾಡಿತ್ತು. ಸಂಜೆ ಬಿಸಿಲು ನೇರ ಕಣ್ಣಿಗೆ ಬಿದ್ದು ಎದುರಿಗಿರುವವರೆಲ್ಲ ಕಪ್ಪು ನೆರಳು. ಉತ್ತರಕ್ಕೆ ತಿರುಗಿಸಿದೆವು. ತಿರುಗಿಸಲು ಆಗದವರು ಪೈಪಿನ ತುಂಡು ಸೀಳಿ ಟೋಪಿಯಂತೆ ಮೇಲೆ ಕಟ್ಟಬಹುದು, ಆದರೆ ತುಂಬಾ ಮುಂದಕ್ಕೆ ಚಾಚಿದರೆ ರಾತ್ರಿಯ ಅವಕೆಂಪು ಬೆಳಕು ಅದಕ್ಕೇ ಬಡಿದು ಚಿತ್ರ ಮಸುಕಾಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೆ ಸುಳ್ಳು ಕೂಗು ಬಹಳ ಇಳಿಯಿತು. ಅಪ್ಪ ಮತ್ತೆ ಆನ್ ಮಾಡಿದ್ದಾರೆ. ಮಲಗಿ ನೋಡಿದೆ, ಮೂರರಲ್ಲಿ ಒಂದು ಸಲ ಕೂಗಿತು. ಒಂದು ಸಲ ಸಾಕಾ? ಅಜ್ಜಿ ವಿಷಯದಲ್ಲಿ ಸಾಲದು. ಅದಕ್ಕೆ ಕಲ್ಲುಬಾನಿ ಸುತ್ತ ಒಂದು ಚಿಕ್ಕ ಝೋನ್ ಬೇರೆ ಎಳೆದು, ಹಗಲು ಹತ್ತರಿಂದ ನಾಲ್ಕರವರೆಗೆ ಅಲ್ಲಿ ಏನೇ ಅಲ್ಲಾಡಿದರೂ ತಿಳಿಸು ಅಂತ ಇಟ್ಟಿದ್ದೇವೆ, ಮನುಷ್ಯನೋ ಅಲ್ಲವೋ ಅಂತ ಅದು ಯೋಚನೆ ಮಾಡುವುದೇ ಬೇಡ. ಹಸು ಬಂದರೂ ಕೂಗುತ್ತೆ, ಕೂಗಲಿ, ಅಪ್ಪ ಒಂದು ಸಲ ನೋಡಿ ಬಿಡುತ್ತಾರೆ. ಕಲ್ಲುಬಾನಿಯ ಪಾಚಿಯನ್ನು ಅಮ್ಮ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ ರಿಪೇರಿ ಅದೇ. ಜೊತೆಗೆ ತಂತಿ ಇಲ್ಲದ ಕಾಲಿಂಗ್ ಬೆಲ್ ತಂದು, ಅದರ ಗುಂಡಿಯನ್ನು ಅಜ್ಜಿಯ ಎಲೆ ಅಡಿಕೆ ಸಂಚಿಗೆ ಕಟ್ಟಿ, ಗಂಟೆಯನ್ನು ಪಕ್ಕದ ಮನೆ ಅತ್ತೆ ಮನೆಯಲ್ಲಿ ಇಟ್ಟಿದ್ದೇವೆ. ಅಜ್ಜಿ ಇದುವರೆಗೆ ಅದನ್ನು ಒಂದೇ ಸಲ ಒತ್ತಿದ್ದಾರೆ, ಸುಣ್ಣ ಖಾಲಿ ಆಗಿತ್ತು ಅಂತ.

ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದೇ ಕಷ್ಟ ಇದೆ. ನಮ್ಮ ರಾಜ್ಯದ ನಾಗರಹೊಳೆ ಕಾಡಿನಲ್ಲಿ ಡಾ. ಉಲ್ಲಾಸ ಕಾರಂತರು ತಾನೇ ಫೋಟೋ ತೆಗೆಯುವ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರ 3,48,58,623. ಅದರಲ್ಲಿ ಹುಲಿ ಇದ್ದದ್ದು 76,651. ನಾನು ಭಾಗಿಸಿ ನೋಡಿದೆ, ಸಾವಿರ ಚಿತ್ರಕ್ಕೆ ಸುಮಾರು ಎರಡು! ಕಾಡಿನಲ್ಲಿ ಕ್ಯಾಮೆರಾವನ್ನು ಮರದ ತುದಿಗೆ ಕಟ್ಟಲ್ಲ, ಪ್ರಾಣಿಯ ಮೈ ಎತ್ತರಕ್ಕೆ, ದಾರಿಗೆ ಅಡ್ಡವಾಗಿ ನೋಡುವ ಹಾಗೆ ಕಟ್ಟುತ್ತಾರೆ. ನಾವು ಕಲಿಯಬೇಕಾದ್ದು ಅದು.

ಕಾಮಸಮುದ್ರದ ಕಡೆ ತೋಟ ಇರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಆನೆ ಬರುತ್ತೆ. ಸುಳ್ಳು ಕೂಗು ತಪ್ಪಲಿ ಅಂತ 'ಮನುಷ್ಯ ಬಂದರೆ ಮಾತ್ರ ತಿಳಿಸು' ಅಂತ ಇಟ್ಟರೆ, ಆನೆ ಬಂದು ಬಾಳೆ ತೋಟ ಪೂರ್ತಿ ತಿಂದು ಹೋದರೂ ಕ್ಯಾಮೆರಾ ಉಸಿರೆತ್ತಲ್ಲ. ಆನೆ ಮನುಷ್ಯ ಅಲ್ಲವಲ್ಲ, ಅದು ಹೇಳಿದ ಮಾತು ಕೇಳಿದೆ ಅಷ್ಟೇ. ಅಂಥ ಕಡೆ ಎಲ್ಲ ಚಲನೆಗೂ ಕೂಗುವ ಹಾಗೆ ಇಡಬೇಕು.

ಇನ್ನು ಕರೆಂಟು, ಇಂಟರ್‌ನೆಟ್ಟು. ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಬಂದಿತ್ತು ಅಂತ ಓದಿದ್ದೇವೆ, ಆದರೂ ಅದು ಹೋದಾಗ ಕ್ಯಾಮೆರಾ ಕುರುಡು. ನೆಟ್‌ವರ್ಕ್ ನಿಧಾನ ಇದ್ದರೆ ಬಂದವರು ಕಾಫಿ ಕುಡಿದು ಹೋದ ಮೇಲೆ ಸುದ್ದಿ ಬರುತ್ತೆ. ರೌಟರನ್ನು ಕ್ಯಾಮೆರಾಗೆ ಹತ್ತಿರ ಇಡಿ. ಆಪ್ ಅಪ್‌ಡೇಟ್ ಕೇಳಿದರೆ ಮಾಡಿ, ಕೆಲವು ಸಲ ಆಕಾರದ ಹೊಸ ಪಾಠ ಅದರಲ್ಲೇ ಬರುತ್ತೆ.

ಕ್ಯಾಮೆರಾ ಇರುವ ಐದೂ ಮನೆಯವರು ಈ ಭಾನುವಾರ ನಾನು ಹೇಳಿದ ಪರೀಕ್ಷೆ ಮಾಡಿ. ನಡೆಯುವುದು, ಬಗ್ಗುವುದು, ಕೂರುವುದು, ಹೊರೆ ಹೊರುವುದು, ಮಲಗುವುದು, ಒಂದೊಂದೂ ಮೂರು ಸಲ. ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಮನೆಯಲ್ಲಿ ವಯಸ್ಸಾದವರು ದಿನಾ ಓಡಾಡುವ ಜಾಗದಲ್ಲೇ ಮಾಡಿ. ಮಲಗುವ ಪರೀಕ್ಷೆಗೆ ಗೋಣಿಚೀಲ ಹಾಸಿಕೊಳ್ಳಿ, ನನ್ನ ಯೂನಿಫಾರಂ ಕೊಳೆ ಆಗಿ ಅಮ್ಮನ ಹತ್ತಿರ ಬೈಸಿಕೊಂಡೆ. ಚೀಟಿಯಲ್ಲಿ ಬರೆದು ಸೋಮವಾರ ಪ್ರಾರ್ಥನೆಗೆ ಮೊದಲು ನನಗೆ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಐದೂ ಮನೆಯ ಪಟ್ಟಿ ಹಾಕುತ್ತೇನೆ.

– 7ನೇ ತರಗತಿ, ಕನ್ನಡ ಮಾಧ್ಯಮ